ಎಂಜಿನ್ ಮೌಂಟ್: ಮೂರು ಬೋಲ್ಟ್ ಕೂತಿವೆ, ನಾಲ್ಕನೆಯದು ಹೋಗ್ತಿಲ್ಲ

ಪ್ರಶ್ನೆ:
ನಾನೇ ಕಟ್ಟುತ್ತಿರುವ ಎರಡು ಸೀಟಿನ ವಿಮಾನಕ್ಕೆ ಲೈಕಮಿಂಗ್ ಓ-320 ಎಂಜಿನ್ ಕೂರಿಸುತ್ತಿದ್ದೇನೆ. ಎಂಜಿನ್ನನ್ನು ವಿಮಾನಕ್ಕೆ ಹಿಡಿಸುವ ಕೊಳವೆ ಚೌಕಟ್ಟು (ಮೌಂಟ್) ಡೈನಫೋಕಲ್ ಬಗೆಯದು. ಎಂಜಿನ್ನನ್ನು ಭಾರ ಎತ್ತುವ ಹಾಯಿಸ್ಟ್‌ನಲ್ಲಿ ತೂಗುಹಾಕಿ, ಮೇಲಿನ ಎರಡು ಮತ್ತು ಕೆಳಗಿನ ಎಡಗಡೆಯ ಬೋಲ್ಟ್ ಹಾಕಿ ಬಿಗಿದಿದ್ದೇನೆ. ಕೆಳಗಿನ ಬಲಗಡೆಯದು ಮಾತ್ರ ಒಳಗೆ ಹೋಗುತ್ತಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ತೂತು ಅರ್ಧ ಮಾತ್ರ ಕಾಣುತ್ತದೆ, ಉಳಿದರ್ಧಕ್ಕೆ ಬೋಲ್ಟ್ ಹಾಯುವ ರಬ್ಬರ್ ಮೆತ್ತೆಯೊಳಗಿನ ಸ್ಪೇಸರ್ (ಲೋಹದ ಕೊಳವೆ ತುಂಡು) ಅಡ್ಡ ನಿಂತಿದೆ. ಮೌಂಟೇ ಸೊಟ್ಟ ಇದೆಯಾ? ಸುತ್ತಿಗೆಯಲ್ಲಿ ಮೆಲ್ಲಗೆ ಬಡಿಯಬಹುದಾ?

ಉತ್ತರ:
ಸುತ್ತಿಗೆ ಬೇಡವೇ ಬೇಡ. ಬೋಲ್ಟಿನ ಥ್ರೆಡ್ ಹಾಳಾಗುತ್ತದೆ, ಮೇಲಿನ ಕ್ಯಾಡ್ಮಿಯಂ ಲೇಪನ ಕಿತ್ತು ಬರುತ್ತದೆ. ಎಂಜಿನ್ನನ್ನು ಹಿಡಿದಿರುವುದೇ ಆ ನಾಲ್ಕು ಬೋಲ್ಟ್ ಅಲ್ವಾ?

ಮೌಂಟ್ ಸೊಟ್ಟ ಅಂತ ಈಗಲೇ ಅಂದುಕೊಳ್ಳಬೇಡಿ. ಡೈನಫೋಕಲ್‌ನಲ್ಲಿ ಬೋಲ್ಟುಗಳು ನೇರ ಇರುವುದಿಲ್ಲ, ಎಂಜಿನ್ನಿನ ಭಾರಕೇಂದ್ರದ ಕಡೆಗೆ ಓರೆಯಾಗಿರುತ್ತವೆ. ಮೂರನ್ನು ಬಿಗಿದರೆ ಎಂಜಿನ್ ಅಲ್ಲೇ ಕಚ್ಚಿಕೊಂಡುಬಿಡುತ್ತದೆ, ನಾಲ್ಕನೆಯದಕ್ಕೆ ಅತ್ತಿತ್ತ ಸರಿಯಲು ಜಾಗವೇ ಇರುವುದಿಲ್ಲ.

ಮೂರೂ ನಟ್ ಸಡಿಲ ಮಾಡಿ, ನಾಲ್ಕಾರು ಸುತ್ತು ಹಿಡಿದಿದ್ದರೆ ಸಾಕು. ಹಾಯಿಸ್ಟ್ ಹಾಗೇ ಇರಲಿ. ಸುಮಾರು 110 ಕೆಜಿ ಭಾರ ರಬ್ಬರಿನ ಮೇಲೆ ಬಿದ್ದರೆ ತೂತು ಇನ್ನೂ ಕೆಳಗಿಳಿಯುತ್ತದೆ. ಅದೇ ದಪ್ಪದ ಹಳೆಯ ಬೋಲ್ಟಿನ ತಲೆ ಕತ್ತರಿಸಿ, ತುದಿಯನ್ನು ಪೆನ್ಸಿಲ್ ಮೊನೆಯ ಹಾಗೆ ಅರೆದು, ಗ್ರೀಸ್ ಸವರಿ. ಒಬ್ಬರು ಹಾಯಿಸ್ಟನ್ನು ಚೂರುಚೂರೇ ಏರಿಸಿ ಇಳಿಸುತ್ತಿರಲಿ, ಇನ್ನೊಬ್ಬರು ಈ ಪಿನ್ನನ್ನು ತಿರುಗಿಸುತ್ತಾ ಒಳಕ್ಕೆ ಒತ್ತಲಿ. ಪಿನ್ ಪೂರ್ತಿ ಹೋದ ಮೇಲೆ ಅಸಲಿ ಬೋಲ್ಟಿನಿಂದ ಅದನ್ನು ಹಿಂದಿನಿಂದ ತಳ್ಳಿ. ಪಿನ್ ಆಚೆ ಬೀಳುತ್ತದೆ, ಬೋಲ್ಟ್ ಅದರ ಜಾಗಕ್ಕೆ ಬರುತ್ತದೆ.

ಪಕ್ಕಕ್ಕೆ ಎಳೆಯಬೇಕಾದರೆ ರ್‍ಯಾಚೆಟ್ ಪಟ್ಟಿ ಬಳಸಿ. ಆದರೆ ಮೌಂಟಿನ ಕೊಳವೆಗಳು ಕೂಡುವ ಜಾಗಕ್ಕೇ ಕಟ್ಟಿ, ನಡುವಿಗೆ ಕಟ್ಟಿದರೆ ಬಾಗೀತು.

ಅದಕ್ಕೂ ಬಗ್ಗದಿದ್ದರೆ ಕೋನ ಅಳೆಯಿರಿ. ಟೈಪ್ 1 ಡೈನಫೋಕಲ್ 30 ಡಿಗ್ರಿ, ಟೈಪ್ 2 ಆದರೆ 18. ಎಂಜಿನ್ ಒಂದು ಬಗೆ, ಮೌಂಟ್ ಇನ್ನೊಂದು ಬಗೆ ಆಗಿದ್ದರೆ ಯಾವ ಉಪಾಯವೂ ನಡೆಯುವುದಿಲ್ಲ.

ಪ್ರಶ್ನೆ ಕೇಳಿದವರು:
ಎರಡೂ 30 ಡಿಗ್ರಿಯೇ. ಸಡಿಲ ಮಾಡಿ ಹಾಯಿಸ್ಟ್ ಸ್ವಲ್ಪ ಎತ್ತುತ್ತಿದ್ದ ಹಾಗೇ ಪಿನ್ ಸರಕ್ಕನೆ ಹೋಯಿತು, ಹಿಂದೆಯೇ ಬೋಲ್ಟೂ ಹೋಯಿತು! ತುಂಬಾ ಉಪಕಾರ ಆಯಿತು ಸರ್. ಇನ್ನು ರಬ್ಬರ್ ಎಷ್ಟು ಉಬ್ಬುವವರೆಗೆ ಬಿಗಿಯಬೇಕು?

ಉತ್ತರ:
ಖುಷಿಯಾಯಿತು. ರಬ್ಬರ್ ನೋಡಿ ಬಿಗಿಯಬೇಡಿ. ವಾಷರ್‌ಗಳು ಒಳಗಿನ ಸ್ಪೇಸರಿಗೆ ತಾಗಿದಾಗ ಸ್ಪ್ಯಾನರ್ ಇದ್ದಕ್ಕಿದ್ದಂತೆ ಗಟ್ಟಿಯಾಗುತ್ತದೆ. ಅಲ್ಲಿಂದ ಮುಂದೆ ಟಾರ್ಕ್ ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್) ಹಿಡಿದು, ಕೈಪಿಡಿಯಲ್ಲಿ ಕೊಟ್ಟ ಅಂಕಿಯವರೆಗೆ ಬಿಗಿಯಿರಿ. ಬಿಗಿಯುವ ಮುಂಚೆ ರಬ್ಬರ್ ಜೋಡಿಗಳನ್ನು ಇನ್ನೊಮ್ಮೆ ನಕ್ಷೆ ಜೊತೆ ಹೋಲಿಸಿ. ಕೆಲವು ಸೆಟ್‌ಗಳಲ್ಲಿ ಎರಡು ಅರ್ಧಗಳು ಬೇರೆ ಬೇರೆ ಇರುತ್ತವೆ, ಮೇಲಿನ ಜೋಡಿಗೂ ಕೆಳಗಿನ ಜೋಡಿಗೂ ಹಿಂದು-ಮುಂದು ಬದಲಾಗುತ್ತದೆ. ಕೊನೆಗೆ ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಮರೆಯಬೇಡಿ.

ಇನ್ನೊಂದು ಮಾತು, ಇದು ಜೀವದ ವಿಷಯ. ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೋದಿಂದ ಸ್ವಿಚ್ಚಿಗೆ ಹೋಗುವ ಗ್ರೌಂಡ್ ವೈರ್ ಜೋಡಿಸುವ ತನಕ ಮ್ಯಾಗ್ನೆಟೋ ಆನ್ ಇದ್ದ ಹಾಗೆಯೇ. ಸ್ಪಾರ್ಕ್ ಪ್ಲಗ್ ಹಾಕಿಟ್ಟು ಸುಮ್ನೆ ಪ್ರೊಪೆಲ್ಲರ್ ತಿರುಗಿಸಲು ಹೋಗಬೇಡಿ.

ಕೌಲಿಂಗ್ (ಎಂಜಿನ್ನಿನ ಹೊರಕವಚ) ಕೂರಿಸುವಾಗ ಸ್ಪಿನ್ನರ್ (ಪ್ರೊಪೆಲ್ಲರ್ ನಡುವಿನ ಮೊನಚು ಟೋಪಿ) ಅದಕ್ಕಿಂತ ಒಂದೆರಡು ಮಿಲಿಮೀಟರ್ ಮೇಲೇ ಇರಲಿ. ಹೊಸ ರಬ್ಬರ್ ಹಾರಾಡುತ್ತಾ ಹಾರಾಡುತ್ತಾ ಕುಸಿಯುತ್ತದೆ, ಆಗ ಸರಿಹೋಗುತ್ತದೆ.