ದಿನಪೂರ್ತಿ ಹೊಲಿಗೆ ಮಿಷನ್ ಮುಂದೆ ಕೂತರೆ ಕಾಲಿನ ರಕ್ತನಾಳಕ್ಕೆ ಏನಾಗುತ್ತದೆ?

ಬಳ್ಳಾರಿ ಹುಡುಗ:
ನಮ್ಮಪ್ಪ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತಾರೆ. ಮೊದಲು ಕಾಲಲ್ಲಿ ತುಳಿಯುವ ಮಿಷನ್ ಇತ್ತು, ಈಗ ಮೋಟಾರ್. ಆರ್ಡರ್ ಜಾಸ್ತಿ ಇದ್ದರೆ ಊಟದ ಹೊತ್ತಿನವರೆಗೆ ಏಳುವುದೇ ಇಲ್ಲ. ಶುಗರ್ ಬೇರೆ ಇದೆ. ಹೀಗೆ ಕೂತರೆ ಕಾಲಿಗೆ ರಕ್ತ ಕಮ್ಮಿ ಹರಿದು ನಾಳದ ಒಳಪದರ ಹಾಳಾಗುತ್ತದೆ ಎಂದು ಓದಿದೆ. ನಿಜವಾ?

ಕೊಪ್ಪಳದವನು:
ಇರಬಹುದು. ತುಂಗಭದ್ರಾ ಕಾಲುವೆಯಲ್ಲೂ ನೀರು ನಿಧಾನವಾದ ಕಡೆ ಹೂಳು ಕೂರುತ್ತದೆ ಅಲ್ವಾ, ಹಾಗೆ.

ಫಿಸಿಯಾಲಜಿ ಮೇಡಂ:
ಆ ಹೋಲಿಕೆ ಅರ್ಧ ದೂರ ಮಾತ್ರ ಬರುತ್ತದೆ. ನೀರು ಹರಿಯುತ್ತಿದೆಯೋ ಇಲ್ಲವೋ ಕಾಲುವೆಯ ದಂಡೆಗೆ ಗೊತ್ತಾಗುವುದಿಲ್ಲ. ಅಪಧಮನಿಯ ಒಳಪದರಕ್ಕೆ ಗೊತ್ತಾಗುತ್ತದೆ! ಅದು ಜೀವಕೋಶಗಳ ಒಂದೇ ಒಂದು ಪದರ, ಹೆಸರು ಎಂಡೋಥೀಲಿಯಂ. ರಕ್ತ ಉಜ್ಜಿಕೊಂಡು ಹರಿಯುವಾಗ ಆ ಎಳೆತಕ್ಕೆ ಈ ಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುತ್ತವೆ. ಆಗ ನಾಳ ಹಿಗ್ಗುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಗೋಡೆಗೆ ಅಂಟುವುದಿಲ್ಲ. ಈ ಅನಿಲದ ಕೆಲಸ ಕಂಡುಹಿಡಿದದ್ದಕ್ಕೇ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಅವರಿಗೆ 1998ರ ನೊಬೆಲ್ ಬಂತು. ಹರಿವು ಕುಗ್ಗಿದರೆ ಈ ಅನಿಲ ಕಮ್ಮಿಯಾಗುತ್ತದೆ, ನಾಳವನ್ನು ಬಿಗಿಸುವ ಎಂಡೋಥೀಲಿನ್ ಜಾಸ್ತಿಯಾಗುತ್ತದೆ.

ನನಗೆ ತುಂಬ ಇಷ್ಟವಾದ ಪ್ರಯೋಗ ಒಂದಿದೆ. ಆರೋಗ್ಯವಾಗಿದ್ದ ಯುವಜನರನ್ನು 3 ಗಂಟೆ ಕೂರಿಸಿದರು. ಒಂದು ಪಾದ ಮಾತ್ರ 42 ಡಿಗ್ರಿ ಬಿಸಿ ನೀರಿನಲ್ಲಿ. ಆಮೇಲೆ ಪಟ್ಟಿ ಕಟ್ಟಿ ರಕ್ತ ತಡೆದು, ಬಿಟ್ಟು, ನಾಳ ಎಷ್ಟು ಹಿಗ್ಗುತ್ತದೆ ಎಂದು ಅಲ್ಟ್ರಾಸೌಂಡ್‌ನಲ್ಲಿ ಅಳೆದರು. ಹೊರಗಿದ್ದ ಕಾಲಿನ ನಾಳಕ್ಕೆ ಹಿಗ್ಗುವ ಶಕ್ತಿ ಕುಗ್ಗಿತ್ತು. ಬಿಸಿ ನೀರಿನ ಕಾಲಲ್ಲಿ ಹರಿವು ಜೋರಾಗಿತ್ತು, ಶಕ್ತಿ ಹಾಗೇ ಉಳಿದಿತ್ತು. ಅದೇ ಮನುಷ್ಯ, ಅದೇ ಕುರ್ಚಿ!

ಒಂದು ದಿನ ಕೂತರೆ ನಾಳ ಹಾಳಾಗುವುದಿಲ್ಲ, ನಡೆದರೆ ಸರಿಹೋಗುತ್ತದೆ. ಆದರೆ ಶುಗರ್ ಇದ್ದವರ ಒಳಪದರ ಮೊದಲೇ ಸೊರಗಿರುತ್ತದೆ.

ಬಳ್ಳಾರಿ ಹುಡುಗ:
ಹಾಗಾದರೆ ಅಪ್ಪನ ಕಾಲನ್ನೂ ಬಿಸಿ ನೀರಿನಲ್ಲಿ ಇಡಿಸಲಾ ಮೇಡಂ?

ಫಿಸಿಯಾಲಜಿ ಮೇಡಂ:
ಖಂಡಿತ ಬೇಡ ತಮ್ಮ. ಶುಗರ್‌ನಿಂದ ಪಾದದ ಸ್ಪರ್ಶ ಹೋಗಿದ್ದರೆ ಸುಟ್ಟರೂ ತಿಳಿಯುವುದಿಲ್ಲ. ಗಂಟೆಗೊಮ್ಮೆ 5 ನಿಮಿಷ ನಡೆಯಲಿ. 2015ರ ಒಂದು ಚಿಕ್ಕ ಅಧ್ಯಯನದಲ್ಲಿ ಅಷ್ಟಕ್ಕೇ ನಾಳದ ಹಿಗ್ಗುವ ಶಕ್ತಿ ಕುಗ್ಗುವುದು ತಪ್ಪಿತ್ತು. ಹಳೇ ಮಿಷನ್ ತುಳಿಯುವಾಗ ಮೀನಖಂಡ ಆಡುತ್ತಿತ್ತು, ಮೋಟಾರ್ ಬಂದು ಅದು ನಿಂತಿತು. ಕೂತಲ್ಲೇ ಆಗಾಗ ಹಿಮ್ಮಡಿ ಎತ್ತಿ ಇಳಿಸಲಿ.

ನಡೆದಾಗ ಮೀನಖಂಡ ಹಿಡಿದು, ನಿಂತರೆ ನೋವು ಹೋಗುತ್ತದಾ ಎಂದು ಅಪ್ಪನನ್ನು ಕೇಳು. ಪಾದದಲ್ಲಿ ಮಾಯದ ಗಾಯ ಇದೆಯಾ ನೋಡು. ಎರಡರಲ್ಲಿ ಒಂದಿದ್ದರೂ ಕಾಲಿನ ನಾಳ ಕಿರಿದಾಗಿರಬಹುದು, ಡಾಕ್ಟರ್ ಹತ್ತಿರ ಹೋಗಿ, ತೋಳಿನ ಬಿಪಿ ಮತ್ತು ಪಾದದ ಗಂಟಿನ ಬಿಪಿ ಹೋಲಿಸುವ ಪರೀಕ್ಷೆ ಮಾಡಿಸು. ಶುಗರ್ ಹಳೆಯದಾದವರಲ್ಲಿ ನಾಳ ಗಡುಸಾಗಿ ಆ ಅಂಕಿ ಚೆನ್ನಾಗಿರುವಂತೆ ಕಾಣಬಹುದು. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಬೇಕಾ ಎಂದೂ ಕೇಳು.