ಗುರುಗಳ ಅಭಿನಂದನ ಗ್ರಂಥಕ್ಕೆ ಸೈಟೇಶನ್ (ಉಲ್ಲೇಖ) ಲೆಕ್ಕ: ಯಾವುದನ್ನು ನಂಬೋದು?

ಧಾರವಾಡದ ವಿದ್ಯಾರ್ಥಿನಿ:
ನಮ್ಮ ಗುರುಗಳು ಸದ್ಯದಲ್ಲೇ ನಿವೃತ್ತರಾಗುತ್ತಾರೆ. ಕೃಷಿ ಅರ್ಥಶಾಸ್ತ್ರದವರು. ಬ್ಯಾಡಗಿ ಮೆಣಸಿನಕಾಯಿ ಪೇಟೆ, ಗದಗ ಕಡೆಯ ಶೇಂಗಾ ಬೆಲೆ, ಇವೇ ಅವರ ಜೀವನದ ಕೆಲಸ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅಭಿನಂದನ ಗ್ರಂಥ ತರುತ್ತಿದ್ದೇವೆ. ಅವರ ಸಂಶೋಧನೆ ಎಲ್ಲಿಯವರೆಗೆ ಮುಟ್ಟಿದೆ ಅನ್ನುವ ಅಧ್ಯಾಯ ನನ್ನ ಪಾಲಿಗೆ ಬಂದಿದೆ. ಗೂಗಲ್ ಸ್ಕಾಲರ್‌ನ ಎಚ್-ಇಂಡೆಕ್ಸ್ (ಲೇಖನಗಳಿಗೆ ಬಂದ ಉಲ್ಲೇಖಗಳಿಂದ ತೆಗೆಯುವ ಒಂದು ಸಂಖ್ಯೆ) ಹಾಕಿ ಮುಗಿಸಿ ಅಂತ ಸಮಿತಿಯವರು ಹೇಳುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಅಲ್ಲಿನ ಉಲ್ಲೇಖಗಳ ಸಂಖ್ಯೆ ಅರ್ಥಶಾಸ್ತ್ರ ಲೇಖನಗಳ ತಾಣವಾದ ರೆಪೆಕ್‌ನಲ್ಲಿ ಇರುವುದಕ್ಕಿಂತ ಎಷ್ಟೋ ಜಾಸ್ತಿ. ಯಾವುದು ಸರಿ? ಯಾರ್ಯಾರ ಜೊತೆ ಕೆಲಸ ಮಾಡಿದರು ಅನ್ನೋದನ್ನೂ ಅಳೆಯಬಹುದಾ?

ಹುಬ್ಬಳ್ಳಿ ಗ್ರಂಥಪಾಲಕ:
ಎರಡೂ ಸರಿ ಮೇಡಂ. ಎಣಿಸುವ ಜಾಗ ಬೇರೆ, ಅಷ್ಟೇ. ಗೂಗಲ್ ಸ್ಕಾಲರ್ ಪಿಎಚ್‌ಡಿ ಪ್ರಬಂಧ, ವರದಿ, ಪುಸ್ತಕ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ರೆಪೆಕ್ 1997ರಲ್ಲಿ ಶುರುವಾದದ್ದು, ಅರ್ಥಶಾಸ್ತ್ರಕ್ಕೇ ಮೀಸಲು. ಪತ್ರಿಕೆಯವರು ತಮ್ಮ ಲೇಖನಗಳ ವಿವರ ಅಲ್ಲಿಗೆ ಕೊಟ್ಟಿರಬೇಕು. ಲೇಖಕರೂ ನೋಂದಾಯಿಸಿಕೊಂಡು, ಇದು ನನ್ನ ಲೇಖನ ಅಂತ ಒಪ್ಪಿಕೊಂಡಿರಬೇಕು. ನಿಮ್ಮ ಸರ್ ಅದನ್ನು ಮಾಡಿದ್ದಾರಾ, ಮೊದಲು ಕೇಳಿ.

ಇನ್ನೊಂದು ಮಾತು. ನಮ್ಮ ಕಡೆ ಪಾಟೀಲ, ಹಿರೇಮಠ, ಕುಲಕರ್ಣಿ ಎಷ್ಟು ಜನ ಅಲ್ವಾ! ಇನಿಶಿಯಲ್ಲೂ ಒಂದೇ ಆದರೆ ಇನ್ನೊಬ್ಬರ ಬೆಳೆರೋಗದ ಲೇಖನ ನಿಮ್ಮ ಸರ್ ಪ್ರೊಫೈಲಿಗೆ ಬಂದು ಕೂತಿರುತ್ತದೆ. ಪಟ್ಟಿಯನ್ನು ಅವರ ಮುಂದೆಯೇ ಕೂತು, ಒಂದೊಂದೇ ಲೇಖನ ನೋಡಿ ಸೋಸಿ. ಆಮೇಲೆ ಎಣಿಸಿ.

ಹಾವೇರಿಯಿಂದ, ಉಪನ್ಯಾಸಕ:
ಎಚ್-ಇಂಡೆಕ್ಸ್ ಒಂದನ್ನೇ ಹಾಕಬೇಡಿ. 2005ರಲ್ಲಿ ಹೊರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಕೊಟ್ಟ ಲೆಕ್ಕ ಅದು. ಎಚ್ 4 ಅಂದರೆ ಕನಿಷ್ಠ ನಾಲ್ಕು ಲೇಖನಗಳಿಗೆ ತಲಾ ನಾಲ್ಕು ಅಥವಾ ಹೆಚ್ಚು ಉಲ್ಲೇಖ ಬಂದಿವೆ, ಐದಕ್ಕೆ ತಲಾ ಐದು ಬಂದಿಲ್ಲ ಅಂತ. ಐದು ಲೇಖನಗಳಿಗೆ 40, 12, 5, 4, 2 ಉಲ್ಲೇಖ ಬಂದಿದ್ದರೆ ಎಚ್ 4. ಮೊದಲನೆಯದಕ್ಕೆ 40 ಬದಲು 400 ಬಂದರೂ ಎಚ್ 4ರಲ್ಲೇ ಇರುತ್ತದೆ. ಒಬ್ಬ ಅರ್ಥಶಾಸ್ತ್ರಜ್ಞನ ಹೆಸರು ಉಳಿಯುವುದು ಎಷ್ಟೋ ಸಲ ಅಂಥ ಒಂದು ಲೇಖನದಿಂದಲೇ. ಅದನ್ನು ಮುಚ್ಚಿಡುವ ಸಂಖ್ಯೆ ನಮಗೆ ಯಾಕೆ ಬೇಕು?

ಧಾರವಾಡದ ವಿದ್ಯಾರ್ಥಿನಿ:
ತುಂಬಾ ಉಪಕಾರವಾಯಿತು. ಜೊತೆಗಾರರ ವಿಷಯ?

ಹುಬ್ಬಳ್ಳಿ ಗ್ರಂಥಪಾಲಕ:
ರೆಪೆಕ್ ಮಾಹಿತಿ ಇಟ್ಟುಕೊಂಡು ಕಟ್ಟಿದ ಕೋಲ್‌ಎಕ್ ಅಂತ ಒಂದಿದೆ. ನೋಂದಾಯಿತ ಲೇಖಕರಲ್ಲಿ ಯಾರು ಯಾರ ಜೊತೆ ಬರೆದರು ಅನ್ನುವ ಜಾಲ ಅದು. ಒಬ್ಬರಿಂದ ಇನ್ನೊಬ್ಬರಿಗೆ ಎಷ್ಟು ಕೊಂಡಿ ದಾಟಿ ಹೋಗಬೇಕು, ಬೇರೆಯವರ ನಡುವಿನ ದಾರಿ ಎಷ್ಟು ಸಲ ಇವರ ಮೂಲಕ ಹಾದುಹೋಗುತ್ತದೆ, ಈ ಎರಡು ಅಳತೆ ಸಿಗುತ್ತವೆ. ಆದರೆ ಜೋಪಾನ. ದೊಡ್ಡ ಹೆಸರಿನವರ ಜೊತೆ ಒಂದೇ ಲೇಖನ ಬರೆದರೂ ಜಾಲದ ನಡುವಿಗೆ ಹತ್ತಿರವಾಗಿಬಿಡಬಹುದು. ನೋಂದಾಯಿಸದ ವಿದ್ಯಾರ್ಥಿಗಳ ಜೊತೆ ವರ್ಷಗಟ್ಟಲೆ ದುಡಿದರೆ ಅದರಲ್ಲಿ ಕಾಣುವುದೇ ಇಲ್ಲ. ನಿಮ್ಮ ಸರ್ ವಿಷಯದಲ್ಲಿ ಇದು ಅನ್ಯಾಯವಾಗಬಹುದು ಅಂತ ನನಗೆ ಅನಿಸುತ್ತದೆ.

ಹಾಗಾಗಿ ಜೊತೆಗಾರರ ಪಟ್ಟಿ ನೀವೇ ಮಾಡಿ. ಯಾರು ವಿದ್ಯಾರ್ಥಿ, ಯಾರು ಬೇರೆ ವಿಭಾಗದವರು, ಯಾರ ಜೊತೆ ಮತ್ತೆ ಮತ್ತೆ ಬರೆದರು, ಅದು ಗೊತ್ತಾಗಲಿ. ಹೆಸರಿನ ಕ್ರಮ ನೋಡಿ ಕೆಲಸದ ಪಾಲು ತೀರ್ಮಾನಿಸಬೇಡಿ. ಅರ್ಥಶಾಸ್ತ್ರದಲ್ಲಿ ಅಕ್ಷರ ಕ್ರಮದಲ್ಲಿ ಹೆಸರು ಹಾಕುವುದು ರೂಢಿ. ಕೃಷಿ ವಿಜ್ಞಾನದ ಪತ್ರಿಕೆಗಳಲ್ಲಿ ಹೆಚ್ಚು ದುಡಿದವರ ಹೆಸರು ಮೊದಲು ಬರುತ್ತದೆ. ಸರ್ ಎರಡೂ ಕಡೆ ಬರೆದಿರುತ್ತಾರೆ.

ಹಾವೇರಿಯಿಂದ, ಉಪನ್ಯಾಸಕ:
ಉಲ್ಲೇಖ ಮಾಡಿದ ಲೇಖನಗಳನ್ನು ತೆರೆದು ಓದಿ ಮೇಡಂ, ದಯವಿಟ್ಟು. ಸುಮ್ನೆ ಪೀಠಿಕೆಯಲ್ಲಿ ಹೆಸರು ಹಾಕಿದವರು ಬೇರೆ. ಸರ್ ವಿಧಾನ ತೆಗೆದುಕೊಂಡು ಗುಂಟೂರಿನ ಮೆಣಸಿನಕಾಯಿ ಬೆಲೆಯನ್ನು ಅಳೆದವರಿದ್ದರೆ ಅವರು ಬೇರೆ. ಎರಡನೆಯ ಥರದವರು ನಾಲ್ಕು ಜನ ಸಿಕ್ಕರೂ ಅಧ್ಯಾಯ ತುಂಬುತ್ತದೆ. ಎಪಿಎಂಸಿಯವರು, ಇಲಾಖೆಯವರು ಸರ್ ವರದಿ ಬಳಸಿದ್ದರೆ ಅದು ಯಾವ ಇಂಡೆಕ್ಸಿನಲ್ಲೂ ಬರುವುದಿಲ್ಲ. ಹೋಗಿ ಕೇಳಬೇಕು, ಪತ್ರ ಇದ್ದರೆ ಪ್ರತಿ ತರಬೇಕು.

ಹುಬ್ಬಳ್ಳಿ ಗ್ರಂಥಪಾಲಕ:
ಸಂಖ್ಯೆ ಹಾಕಿದ ಕಡೆಯೆಲ್ಲ ನೋಡಿದ ತಾರೀಖು ಬರೆಯಿರಿ. ಗ್ರಂಥ ಅಚ್ಚಾಗುವಷ್ಟರಲ್ಲಿ ಬದಲಾಗಿರುತ್ತದೆ.