ಹಳೆಯ ಈ-ಪಿಸಿ 701ರ ಮೆಮೊರಿ ಕಾರ್ಡ್ ಬದಲಿಸಬೇಕಾಗಿದೆ: ಎಷ್ಟು ಜಿಬಿಯದು, ಯಾವ ಕ್ರಮದಲ್ಲಿ?

ಬದಿಯಡ್ಕದ ಮಾಷ್ಟ್ರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2007ರಲ್ಲಿ ಬಿಡುಗಡೆಯಾದ ಏಸುಸ್ ಈ-ಪಿಸಿ 701 ಲ್ಯಾಪ್‌ಟಾಪ್ ಇದೆ. ಏಳು ಇಂಚಿನ ಪರದೆ, 512 ಎಂಬಿ ರ‍್ಯಾಮ್, ಬೋರ್ಡಿಗೇ ಬೆಸೆದ 4 ಜಿಬಿ ಸಂಗ್ರಹ. ಶಾಲೆಯಲ್ಲಿದ್ದಾಗ ಐಟಿ@ಸ್ಕೂಲ್ ತರಬೇತಿಯಿಂದ ಲಿನಕ್ಸ್ ಅಭ್ಯಾಸವಾಗಿದ್ದ ಕಾರಣ ಇದಕ್ಕೆ 32 ಬಿಟ್‌ನ ಡೆಬಿಯನ್ 12 (ಲಿನಕ್ಸ್‌ನ ಒಂದು ಆವೃತ್ತಿ) ಹಾಕಿಕೊಂಡಿದ್ದೇನೆ. ಆ 4 ಜಿಬಿಯಲ್ಲಿ ವ್ಯವಸ್ಥೆ ಮಾತ್ರ ಹಿಡಿಯುವುದರಿಂದ ನನ್ನ ಸ್ವಂತ ಕಡತಗಳಿರುವ ಹೋಮ್ ಫೋಲ್ಡರನ್ನು ಪಕ್ಕದ ಎಸ್‌ಡಿ ಕಾರ್ಡಿನಲ್ಲಿ ಇಟ್ಟಿದ್ದೇನೆ. ಅಡಿಕೆಯ ಲೆಕ್ಕ, ಕೆಲವು ಲೇಖನಗಳು, ಮುಖ್ಯವಾಗಿ ನಮ್ಮೂರ ಸುತ್ತಿನ ತಾಳಮದ್ದಳೆಗಳ ಧ್ವನಿಮುದ್ರಣಗಳು ಅದರಲ್ಲಿವೆ.

ಈ 8 ಜಿಬಿ ಕಾರ್ಡ್ ಈಗ ನಡುನಡುವೆ ‘ಓದಲು ಮಾತ್ರ’ ಎಂಬ ಸ್ಥಿತಿಗೆ ಹೋಗಿ, ಹೊಸತೇನನ್ನೂ ಉಳಿಸಲು ಬಿಡುವುದಿಲ್ಲ. ಬದಲಿಸುವುದಾದರೆ 128 ಜಿಬಿಯ ಕಾರ್ಡನ್ನೇ ಹಾಕಬಹುದೇ? ಇದ್ದದ್ದನ್ನೆಲ್ಲ ಹೊಸ ಕಾರ್ಡಿಗೆ ಸಾಗಿಸುವ ಸರಿಯಾದ ವಿಧಾನ ಯಾವುದು? ಮಗನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇರುವುದರಿಂದ ಧ್ವನಿಮುದ್ರಣಗಳನ್ನು ಅಲ್ಲಿಯೂ ತೆರೆಯುವಂತಿರಬೇಕು.

ಕುಂಬಳೆಯಿಂದ ಉತ್ತರ

ಮಾಷ್ಟ್ರೇ, ಹೊಸ ಕಾರ್ಡ್ ಕೊಳ್ಳುವ ಮೊದಲು ಹಳೆಯದರ ಎಡಬದಿಯ ಸಣ್ಣ ಜಾರುಗುಂಡಿಯನ್ನು ನೋಡಿ. ಅದು ಸಡಿಲಾಗಿ ಕೆಳಗೆ ಸರಿದರೆ ಕಾರ್ಡಿನಲ್ಲಿ ದೋಷವಿಲ್ಲದಿದ್ದರೂ ರೀಡರ್ ಅದನ್ನು ಬೀಗ ಹಾಕಿದ ಕಾರ್ಡ್ ಎಂದೇ ತಿಳಿಯುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಸಂಪರ್ಕದ ಪಟ್ಟಿಗಳಿಗೆ ಕಿಲುಬು ಹಿಡಿಯುವುದೂ ಅಪರೂಪವಲ್ಲ. ಐಸೊಪ್ರೊಪಿಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಮೆಲ್ಲನೆ ಒರೆಸಿ ನೋಡಬಹುದು.

ಇವೆರಡೂ ಅಲ್ಲದಿದ್ದರೆ, ತೊಂದರೆ ಬಂದ ಕೂಡಲೇ ಟರ್ಮಿನಲ್‌ನಲ್ಲಿ ವ್ಯವಸ್ಥೆಯ ಸಂದೇಶಗಳನ್ನು ತೋರಿಸುವ ಡಿಮೆಸೇಜ್ (dmesg) ಆದೇಶ ಕೊಟ್ಟು ಕೊನೆಯ ಸಾಲುಗಳನ್ನು ಓದಿ. ಅಲ್ಲಿ ಐ/ಒ (ಓದು-ಬರಹದ) ದೋಷ ಕಂಡುಬಂದರೆ, ಇಎಕ್ಸ್‌ಟಿ4 ಕಡತವ್ಯವಸ್ಥೆಯೇ (ಕಾರ್ಡಿನಲ್ಲಿ ಕಡತಗಳನ್ನು ಜೋಡಿಸಿಡುವ ಲಿನಕ್ಸ್‌ನ ಕ್ರಮ) ಇನ್ನಷ್ಟು ಹಾನಿ ಆಗದಿರಲೆಂದು ಬರೆಯುವುದನ್ನು ನಿಲ್ಲಿಸಿದೆ ಎಂದರ್ಥ. ಆಗ ಆ ಕಾರ್ಡಿನ ಮೇಲೆ ಎಫ್‌ಎಸ್‌ಸಿಕೆ (ಕಡತವ್ಯವಸ್ಥೆಯನ್ನು ದುರಸ್ತಿ ಮಾಡುವ ಆದೇಶ) ನಡೆಸಲು ಹೋಗಬೇಡಿ. ದುರಸ್ತಿ ಎಂದರೂ ಬರೆಯುವುದೇ ಆದ್ದರಿಂದ, ಸಾಯುತ್ತಿರುವ ಕಾರ್ಡಿಗೆ ಅದು ಒಳ್ಳೆಯದಲ್ಲ. ಬೇರೊಂದು ಲಿನಕ್ಸ್ ಗಣಕಯಂತ್ರದಲ್ಲಿ, ಕಾರ್ಡನ್ನು ಮೌಂಟ್ ಮಾಡದೆಯೇ (ಬಳಕೆಗೆ ತೆರೆಯದೆಯೇ), ಓದಲಾಗುವಷ್ಟನ್ನು ನಕಲಿಸಿಕೊಳ್ಳುವ ಡಿಡಿ-ರೆಸ್ಕ್ಯೂ ಮೂಲಕ ಇಡೀ ಕಾರ್ಡಿನ ಪ್ರತಿಬಿಂಬವನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆಯಿರಿ. ಎಷ್ಟು ಓದಿಯಾಯಿತೆಂದು ಬರೆದಿಡುವ ಮ್ಯಾಪ್ ಕಡತದ ಹೆಸರನ್ನೂ ಕೊಟ್ಟರೆ ಕರೆಂಟು ಹೋಗಿ ಕೆಲಸ ಅರ್ಧಕ್ಕೆ ನಿಂತರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ದುರಸ್ತಿಯನ್ನೆಲ್ಲ ಆ ಪ್ರತಿಬಿಂಬದ ನಕಲಿನ ಮೇಲೆ ಮಾಡಿ.

ಉಪ್ಪಳದಿಂದ ಉತ್ತರ

ಗಾತ್ರದ ಬಗ್ಗೆ ಮಾತ್ರ ಹೇಳುತ್ತೇನೆ. ಈ ಲ್ಯಾಪ್‌ಟಾಪ್ ಬಂದದ್ದು 2007ರಲ್ಲಿ. 32 ಜಿಬಿಗಿಂತ ದೊಡ್ಡ ಕಾರ್ಡುಗಳ ಎಸ್‌ಡಿಎಕ್ಸ್‌ಸಿ ಮಾನದಂಡ ಬಂದದ್ದು 2009ರಲ್ಲಿ. ಹಳೆಯ ರೀಡರುಗಳಲ್ಲಿ ಕೆಲವು ದೊಡ್ಡ ಕಾರ್ಡನ್ನೂ ಗುರುತಿಸುವುದುಂಟು, ಆದರೆ ಹೋಮ್ ಫೋಲ್ಡರ್ ಇಡುವ ಕಾರ್ಡಿಗೆ ಅಂಥ ಅದೃಷ್ಟಪರೀಕ್ಷೆ ಬೇಡ. 32 ಜಿಬಿಯ ಎಸ್‌ಡಿಎಚ್‌ಸಿ (ಅದಕ್ಕೂ ಹಿಂದಿನ ಮಾನದಂಡದ) ಕಾರ್ಡ್ ತೆಗೆದುಕೊಳ್ಳಿ.

ಪೊಟ್ಟಣದ ಮೇಲಿನ ದೊಡ್ಡ ವೇಗದ ಅಂಕಿಗೂ ಹಣ ಸುರಿಯಬೇಡಿ. ಇದರ ರೀಡರ್ ಒಳಗಿನಿಂದ ಯುಎಸ್‌ಬಿ 2.0 ಮೂಲಕವೇ ಜೋಡಿಸಲ್ಪಟ್ಟಿರುವುದರಿಂದ ಸೆಕೆಂಡಿಗೆ 30 ಎಂಬಿಯ ಆಸುಪಾಸು ಸಿಕ್ಕಿದರೆ ಅದೇ ದೊಡ್ಡದು. ಹೋಮ್ ಫೋಲ್ಡರಿಗೆ ಬೇಕಾದದ್ದು ಸಣ್ಣಸಣ್ಣ ಕಡತಗಳನ್ನು ಬೇಗ ಓದಿ ಬರೆಯುವ ಶಕ್ತಿ. ಆ ದೃಷ್ಟಿಯಿಂದ ಕಾರ್ಡಿನ ಮೇಲಿನ ಎ1 ಗುರುತನ್ನು ನೋಡಿ. ಸೆಕೆಂಡಿಗೆ ಕನಿಷ್ಠ 1500 ಬಿಡಿ ಓದು ಮತ್ತು 500 ಬಿಡಿ ಬರಹ ಆ ಗುರುತಿನ ಷರತ್ತು. ಎ2 ಕಾರ್ಡಿನ ಹೆಚ್ಚಿನ ಲಾಭಕ್ಕೆ ರೀಡರಿನ ಬೆಂಬಲವೂ ಬೇಕಾದ್ದರಿಂದ ಇಲ್ಲಿ ಅದು ದಂಡ.

ಮುಳ್ಳೇರಿಯದಿಂದ ಉತ್ತರ

ನನಗೆ ಭಿನ್ನಾಭಿಪ್ರಾಯವಿದೆ. ಅಡಿಕೆಯ ಲೆಕ್ಕ ಕಾರ್ಡಿನಲ್ಲಿರಲಿ. ಮತ್ತೆ ಸಿಗದ ತಾಳಮದ್ದಳೆಗಳ ಏಕೈಕ ಪ್ರತಿ ಯಾವ ಕಾರ್ಡಿನಲ್ಲಿಯೂ ಇರಕೂಡದು. ಸಿಡಿ ಗುಣಮಟ್ಟದ ವೇವ್ (ಕುಗ್ಗಿಸದ) ಧ್ವನಿಗೆ ಗಂಟೆಗೆ ಸುಮಾರು 635 ಎಂಬಿ ಬೇಕು. ಎಂಟು ಗಂಟೆಯ ಒಂದು ರಾತ್ರಿಗೆ 5 ಜಿಬಿ. 32 ಜಿಬಿ ಆರು ರಾತ್ರಿಗಳಿಗೆ ಮುಗಿಯುತ್ತದೆ. ಆದ್ದರಿಂದ ಎರಡು ಹೊರಗಿನ ಡಿಸ್ಕುಗಳಲ್ಲಿ ಒಂದೊಂದು ಪ್ರತಿ ಇಟ್ಟು, ಸದ್ಯ ಕೇಳಿ ಪಟ್ಟಿ ಮಾಡುತ್ತಿರುವುದನ್ನು ಮಾತ್ರ ಕಾರ್ಡಿನಲ್ಲಿ ಇಟ್ಟುಕೊಳ್ಳಿ. ಫ್ಲ್ಯಾಕ್ ರೂಪಕ್ಕೆ ಬದಲಿಸಿದರೆ ಗುಣಮಟ್ಟ ಕಿಂಚಿತ್ತೂ ಕುಂದದೆ ಗಾತ್ರ ಸಾಕಷ್ಟು ಇಳಿಯುತ್ತದೆ.

ಬದಿಯಡ್ಕದ ಮಾಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಜಾರುಗುಂಡಿ ಗಟ್ಟಿಯಾಗಿಯೇ ಇದೆ. ಡಿಮೆಸೇಜ್‌ನಲ್ಲಿ ಐ/ಒ ದೋಷದ ಸಾಲುಗಳು ಕಾಣುತ್ತಿವೆ. ಪ್ರತಿಬಿಂಬ ತೆಗೆದಾಯಿತು, ಓದಲಾಗದ ಭಾಗ ತೀರ ಸ್ವಲ್ಪ. ಮುಳ್ಳೇರಿಯದವರ ಮಾತನ್ನು ಒಪ್ಪಿ ಡಿಸ್ಕುಗಳ ಏರ್ಪಾಟು ಮಾಡುತ್ತೇನೆ. 32 ಜಿಬಿಯ ಕಾರ್ಡ್ ತರಿಸಿದ್ದೇನೆ. ಇನ್ನು ಅದಕ್ಕೆ ಪ್ರತಿಬಿಂಬವನ್ನು ನೇರವಾಗಿ ಬರೆದರಾಯಿತೇ? ಇಎಕ್ಸ್‌ಟಿ4 ಆದರೆ ವಿಂಡೋಸ್ ಓದುವುದಿಲ್ಲ, ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಕಡತ ಹಿಡಿಯುವುದಿಲ್ಲ ಎಂಬ ಇಕ್ಕಟ್ಟೂ ಉಳಿದಿದೆ.

ಕುಂಬಳೆಯಿಂದ ಉತ್ತರ

ನೇರವಾಗಿ ಬರೆದರೆ 8 ಜಿಬಿಯ ವಿಭಾಗವೇ ಮರುಕಳಿಸಿ, ಉಳಿದ ಜಾಗ ಖಾಲಿ ಬೀಳುತ್ತದೆ. ಹಳೆಯ ದೋಷಗಳೂ ಜೊತೆಗೇ ಬರುತ್ತವೆ. ಹೊಸದಾಗಿ ವಿಭಾಗಿಸಿ, ದುರಸ್ತಿಯಾದ ನಕಲಿನಿಂದ ಆರ್‌ಸಿಂಕ್ (ಕಡತ ನಕಲಿಸುವ ಆದೇಶ) ಮೂಲಕ ಕಡತಗಳನ್ನು ಮಾತ್ರ ಸಾಗಿಸಿ. ಅದಕ್ಕೂ ಮುನ್ನ ಎಫ್3 ತಂತ್ರಾಂಶದಿಂದ ಕಾರ್ಡನ್ನು ಪೂರ್ತಿ ತುಂಬಿಸಿ ಓದಿಸಿ ನೋಡಿ. 4 ಜಿಬಿಯ ಕಾರ್ಡಿಗೆ 32 ಎಂದು ಮುದ್ರಿಸಿ ಮಾರುವವರಿಗೆ ಬರಗಾಲವಿಲ್ಲ, ಮೋಸ ಗೊತ್ತಾಗುವುದು ಕಾರ್ಡ್ ತುಂಬಿದ ಮೇಲೆಯೇ. ಸೆಕೆಂಡಿಗೆ 10 ಎಂಬಿಯಂತೆ ಬರೆದರೂ ತುಂಬಿಸಲು ಒಂದು ಗಂಟೆ ಹಿಡಿಯುತ್ತದೆ, ಕಾಯಬೇಕು.

ಇಕ್ಕಟ್ಟಿಗೆ ಪರಿಹಾರ ಎರಡು ವಿಭಾಗಗಳು. ಮೊದಲನೆಯದು 20 ಜಿಬಿ ಎಕ್ಸ್‌ಫ್ಯಾಟ್ (ವಿಂಡೋಸ್ ಓದುವ, 4 ಜಿಬಿಗಿಂತ ದೊಡ್ಡ ಕಡತವನ್ನೂ ಹಿಡಿಯುವ ಕಡತವ್ಯವಸ್ಥೆ), ಧ್ವನಿಮುದ್ರಣಗಳಿಗೆ. ಎರಡನೆಯದು ಇಎಕ್ಸ್‌ಟಿ4, ಹೋಮ್ ಫೋಲ್ಡರಿಗೆ. ಈ ಅನುಕ್ರಮವನ್ನು ತಪ್ಪಿಸಬೇಡಿ, ಏಕೆಂದರೆ 2017ಕ್ಕಿಂತ ಹಿಂದಿನ ವಿಂಡೋಸ್ ಆವೃತ್ತಿಗಳು ತೆಗೆದುಹಾಕಬಹುದಾದ ಕಾರ್ಡಿನ ಮೊದಲ ವಿಭಾಗವನ್ನಷ್ಟೇ ತೋರಿಸುತ್ತವೆ. ಇಎಕ್ಸ್‌ಟಿ4 ವಿಭಾಗವನ್ನು ಕಂಡಾಗ ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳೀತು. ಬೇಡ ಎನ್ನುವಂತೆ ಮಗನಿಗೆ ಹೇಳಿಡಿ. ಎಕ್ಸ್‌ಫ್ಯಾಟ್‌ಗೆ ಲಿನಕ್ಸ್ ಕರ್ನೆಲ್ (ಅದರ ತಿರುಳು) 5.4ರಿಂದಲೇ ಬೆಂಬಲ ಇರುವುದರಿಂದ ನಿಮ್ಮ ಡೆಬಿಯನ್ 12ರಲ್ಲಿ ಅಡ್ಡಿಯಿಲ್ಲ. ಆದರೆ ವೇವ್ ಕಡತದ ತಲೆಬರಹವೇ ಗಾತ್ರವನ್ನು 32 ಬಿಟ್‌ಗಳಲ್ಲಿ ಬರೆದಿಡುವ ಕಾರಣ, ಕಡತವ್ಯವಸ್ಥೆ ಯಾವುದಾದರೂ ಅದು 4 ಜಿಬಿಗೆ, ಎಂದರೆ ಆರೂಮುಕ್ಕಾಲು ಗಂಟೆಗೆ, ನಿಲ್ಲುತ್ತದೆ. ಪ್ರಸಂಗಕ್ಕೊಂದರಂತೆ ಬೇರೆಬೇರೆ ಕಡತ ಮಾಡುವುದೇ ಸುಲಭ.

ಹೊಸ ವಿಭಾಗಗಳ ಗುರುತುಸಂಖ್ಯೆ ಬದಲಾಗುವುದರಿಂದ ಯಾವ ವಿಭಾಗವನ್ನು ಎಲ್ಲಿ ತೆರೆಯಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತವನ್ನೂ ತಿದ್ದಬೇಕು. ಅಲ್ಲಿ ಇಎಕ್ಸ್‌ಟಿ4 ವಿಭಾಗಕ್ಕೆ ನೋಎಟೈಮ್ ಸೇರಿಸಿದರೆ ಬರೀ ಓದಿದ್ದಕ್ಕೂ ಸಮಯ ಬರೆಯುವುದು ತಪ್ಪುತ್ತದೆ. ಎರಡೂ ವಿಭಾಗಗಳಿಗೆ ನೋಫೇಲ್ ಇದ್ದರೆ ಕಾರ್ಡ್ ಇಲ್ಲದಾಗಲೂ ಯಂತ್ರ ಏಳುತ್ತದೆ. ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಜಾಗ) ಕಾರ್ಡಿನಲ್ಲಿ ಬೇಡವೇ ಬೇಡ. ಅದರ ಬದಲು ಕೆಳಗಿನ ಮುಚ್ಚಳ ತೆಗೆದು ಡಿಡಿಆರ್2 ರ‍್ಯಾಮನ್ನು 1 ಅಥವಾ 2 ಜಿಬಿಗೆ ಏರಿಸಿ. ಕಾರ್ಡ್ ಯುಎಸ್‌ಬಿಯಲ್ಲಿರುವುದರಿಂದ, ನಿದ್ರಾಸ್ಥಿತಿಯಲ್ಲಿ ರೀಡರಿಗೆ ವಿದ್ಯುತ್ ತಪ್ಪಿದರೆ ತೆರೆದ ಕಡತಗಳು ಕೆಡಬಹುದು. ಮುಚ್ಚಳ ಮಡಚಿ ಎದ್ದುಹೋಗದೆ ಪ್ರತಿ ಸಲವೂ ಪೂರ್ತಿ ಶಟ್‌ಡೌನ್ ಮಾಡಿ.